ಹೊಸ ಲೇಔಟ್‌ಗೆ ಪ್ರಾಧಿಕಾರ ಇದೆ, ಹಳೇ ಮೊಹಲ್ಲಾಗೆ ಯಾರಿದ್ದಾರೆ?

ರಿಂಗ್ ರೋಡ್ ಆಚೆ ಎಲ್ಲೋ ಲೇಔಟ್ ಆಗುತ್ತದೆ ಅಂದರೆ ಸಾಕು, ಮೈಸೂರಲ್ಲಿ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಅಗ್ರಹಾರ, ಲಷ್ಕರ್ ಮೊಹಲ್ಲಾ, ಮಂಡಿ ಮೊಹಲ್ಲಾದಂಥ ಊರೊಳಗಿನ ಹಳೇ ಕೇರಿಗಳ ವಿಷಯ ಎತ್ತಿ ನೋಡಿ, ಮಾತು ಹಾರಿಸುತ್ತಾರೆ.

ತಮಾಷೆ ಏನು ಗೊತ್ತಾ? ಲೇಔಟ್ ಮಾಡಿ ಸೈಟು ಹಂಚುವ ಈ ಅಭಿವೃದ್ಧಿ ಪ್ರಾಧಿಕಾರದ ಮೂಲವೇ ಹಳೇ ಊರಿನ ಕಷ್ಟ. ಪ್ಲೇಗ್ ಬಂದು ಇಕ್ಕಟ್ಟಿನ ಕೇರಿಗಳಲ್ಲಿ ಜನ ಸತ್ತ ಮೇಲೆ, ಕಳೆದ ಶತಮಾನದ ಆರಂಭದಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಅದರ ಜಾಗಕ್ಕೆ 1980ರ ದಶಕದ ಕೊನೆಗೆ ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ ಬಂತು, ಈಗ ಮೈಸೂರು ಅಭಿವೃದ್ಧಿ ಪ್ರಾಧಿಕಾರ. ಹೆಸರು ಬದಲಾದ ಹಾಗೆಲ್ಲ ಅದರ ಗಮನ ಸೈಟಿನ ಕಡೆಗೇ ಹೋಯಿತು. ಚರಂಡಿ, ಬೀದಿ ದೀಪ ಪಾಲಿಕೆಯದು. ಸ್ಲಂ ಇನ್ನೊಂದು ಮಂಡಳಿಯದು. ಹಾಳಾಗುತ್ತಿರುವ ಒಂದು ಬೀದಿಯನ್ನು ಇಡಿಯಾಗಿ ನೋಡುವವರು ಮಾತ್ರ ಯಾರೂ ಇಲ್ಲ.

2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ಕು ಜನ ಹೋದರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವೋಣವಾ, ರಿಪೇರಿ ಮಾಡೋಣವಾ ಅಂತ ವರ್ಷಗಟ್ಟಲೆ ಜಗಳ. ಅಷ್ಟು ಹೆಸರಿರೋ ಕಟ್ಟಡಗಳ ಪಾಡೇ ಹೀಗಾದರೆ ಹೆಸರಿಲ್ಲದ ಮನೆಗಳ ಕಥೆ ಏನು?

ಅಗ್ರಹಾರದ ಒಂದು ಹಳೇ ಮನೆ ಅಂದುಕೊಳ್ಳಿ. ಮುಂದೆ ಜಗಲಿ, ಮೇಲೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಮದ್ರಾಸ್ ತಾರಸಿ, ಹಿಂದೆ ಕಸ, ಮಲ ಸಾಗಿಸೋಕೆ ಅಂತ ಬಿಟ್ಟಿದ್ದ ಕನ್ಸರ್ವೆನ್ಸಿ ಗಲ್ಲಿ. ಖಾತೆ ಇನ್ನೂ ತಾತನ ಹೆಸರಲ್ಲಿ. ಮೊಮ್ಮಕ್ಕಳು ಐದು ಊರಲ್ಲಿ, ಒಬ್ಬರು ಸಹಿ ಹಾಕಿದರೆ ಇನ್ನೊಬ್ಬರು ಹಾಕಲ್ಲ. ಖಾತೆ ಆಗದೆ ಸಾಲ ಇಲ್ಲ, ಸಾಲ ಇಲ್ಲದೆ ರಿಪೇರಿ ಇಲ್ಲ. ತೊಲೆಗೆ ಗೆದ್ದಲು ಹಿಡಿದಿದೆ, ಸುಣ್ಣದ ಗಾರೆ ಗೊತ್ತಿರೋ ಮೇಸ್ತ್ರಿ ಸಿಗಲ್ಲ, ಸಿಕ್ಕವರು ಸಿಮೆಂಟ್ ಮೆತ್ತಿ ಹೋಗುತ್ತಾರೆ, ಒಳಗಿನ ತೇವ ಹೊರಗೆ ಬರಲಾರದೆ ಗೋಡೆಯನ್ನೇ ತಿನ್ನುತ್ತದೆ. ಮುಂದಿನ ರೂಮಲ್ಲಿ ಜೆರಾಕ್ಸ್ ಅಂಗಡಿ, ಬಾಡಿಗೆ ಸುಮ್ನೆ ಹೆಸರಿಗೆ. ಕೊನೆಗೆ ಬಿಲ್ಡರ್ ಬಂದು ನಿಂತಾಗ ಎಲ್ಲರೂ ಒಟ್ಟಿಗೆ ಸಹಿ ಹಾಕುತ್ತಾರೆ!

ಅವರನ್ನು ಬೈದು ಪ್ರಯೋಜನ ಇಲ್ಲ ಬಿಡಿ. ನನ್ನ ಪ್ರಕಾರ ಹಳೇ ಮೊಹಲ್ಲಾಗಳಿಗೇ ಅಂತ ಒಂದು ಕಚೇರಿ ಬೇಕು, ಪಾಲಿಕೆ ಮತ್ತು ಪ್ರಾಧಿಕಾರ ಎರಡರ ಅಧಿಕಾರಿಗಳೂ ಅಲ್ಲೇ ಕೂರಬೇಕು, ಸೈಟು ಮಾರಿದ ದುಡ್ಡಲ್ಲಿ ಒಂದು ಪಾಲು ಕಡ್ಡಾಯವಾಗಿ ಅಲ್ಲಿಗೆ ಬರಬೇಕು. ಖಾತೆ ಜಗಳ ಎಲ್ಲರನ್ನೂ ಕೂರಿಸಿ ಬಗೆಹರಿಸಲಿ, ರಿಪೇರಿಗೆ ಕಡಿಮೆ ಬಡ್ಡಿಯಲ್ಲಿ ಸಾಲ ಕೊಡಿಸಲಿ. ಕಟ್ಟಡ ಕೆಡವಲೇಬೇಕಾದರೆ ಬಾಡಿಗೆದಾರರಿಗೆ, ಅಂಗಡಿಯವರಿಗೆ ವಾಪಸ್ ಜಾಗ ಕೊಡ್ತೀವಿ ಅಂತ ಮೊದಲೇ ಬರೆದು ಕೊಡಲಿ. ಬಾಯಿ ಮಾತು ನಂಬಿ ಜಾಗ ಬಿಡೋಕೆ ಅವರೇನು ದಡ್ಡರಲ್ಲ.

ದಸರಾಗೆ ಗೋಡೆಗೆ ಬಣ್ಣ ಬಳಿಯೋದು ಬೇರೆ, ಇದು ಬೇರೆ. ಪ್ರಾಧಿಕಾರ ಹಳೇ ಮೊಹಲ್ಲಾಗಳ ಒಳಗೆ ವರ್ಷಕ್ಕೆ ಎಷ್ಟು ಖರ್ಚು ಮಾಡುತ್ತದೆ ಅಂತ ಬಜೆಟ್‌ನಲ್ಲಿ ಬೇರೆಯಾಗಿ ತೋರಿಸಲಿ, ಆಮೇಲೆ ಹೆರಿಟೇಜ್ ಸಿಟಿ ಅಂತ ಬೋರ್ಡ್ ಹಾಕಿಕೊಳ್ಳಲಿ.