ಹಳೇ ಗೇಮು, ಹೊಸ ರೇಟು, ಹತ್ತಕ್ಕೆ ಎಂಟೂವರೆ

ಸ್ಕೈರಿಮ್ ಅನ್ನೋ ಗೇಮ್ 2011ರ ನವೆಂಬರ್‌ನಲ್ಲಿ ಬಂತು. 2016ರಲ್ಲಿ 'ಸ್ಪೆಷಲ್ ಎಡಿಷನ್' ಅಂತ ಮತ್ತೆ ಬಂತು. 2017ರಲ್ಲಿ ನಿಂಟೆಂಡೊ ಸ್ವಿಚ್ ಅನ್ನೋ ಆಟದ ಯಂತ್ರಕ್ಕೆ ಒಂದು ಸಲ, ಕಣ್ಣಿಗೆ ಕಟ್ಟಿಕೊಳ್ಳೋ ವಿಆರ್ ಡಬ್ಬಕ್ಕೆ ಇನ್ನೊಂದು ಸಲ ಬಂತು. 2021ರಲ್ಲಿ ಹತ್ತು ವರ್ಷ ತುಂಬಿದ ಖುಷಿಗೆ 'ಆನಿವರ್ಸರಿ ಎಡಿಷನ್' ಬಂತು. ನಮ್ಮ ಸಕಲೇಶಪುರ, ಆಲೂರು ಕಡೆ ಇಷ್ಟು ತಪ್ಪದೆ ಬರೋದು ಕಾಡಾನೆ ಒಂದೇ. ಆದರೆ ಆನೆ ತೋಟಕ್ಕೆ ನುಗ್ಗಿದರೆ ಪರಿಹಾರಕ್ಕೆ ಅರ್ಜಿ ಹಾಕಬಹುದು. ಸ್ಕೈರಿಮ್ ಬಂದರೆ ನಾವೇ ದುಡ್ಡು ಕೊಡಬೇಕು.

ಪ್ರತಿ ಸಲವೂ ಹೊಸ ವಿಮರ್ಶೆ ಬೇರೆ. ಕಥೆ ಅದೇ, ಡ್ರ್ಯಾಗನ್ ಅದೇ, ಗೋಡೆಯಂಥ ಬೆಟ್ಟವನ್ನು ನೆಟ್ಟಗೆ ಹತ್ತೋ ಕುದುರೆನೂ ಅದೇ. ಆದರೂ ಸಾವಿರ ಪದ ತುಂಬಿಸಬೇಕಲ್ಲ. ಆಗ ವಿಮರ್ಶಕರ ಕೈ ಹಿಡಿಯೋದು ನೀರು. ಈ ಸಲ ನೀರಿನಲ್ಲಿ ಮೋಡದ ಬಿಂಬ ಇನ್ನೂ ಚೆನ್ನಾಗಿ ಬಿದ್ದಿದೆ ಅಂತ ಬರೆದು ಹತ್ತಕ್ಕೆ ಎಂಟೂವರೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಜುಲೈ ತಿಂಗಳಲ್ಲಿ ನಮ್ಮ ಬೀದಿ ಗುಂಡಿಯಲ್ಲೂ ಮೋಡ ಅಷ್ಟೇ ಚೆನ್ನಾಗಿ ಕಾಣುತ್ತದೆ. ನಗರಸಭೆಗೆ ಯಾರೂ ಎಂಟೂವರೆ ಕೊಟ್ಟಿಲ್ಲ.

'ದಿ ಲಾಸ್ಟ್ ಆಫ್ ಅಸ್' ಇನ್ನೂ ಜಾಣ. 2013ರಲ್ಲಿ ಬಂತು. ಮಾರನೇ ವರ್ಷವೇ ಸೋನಿ ಕಂಪನಿಯ ಹೊಸ ಪ್ಲೇಸ್ಟೇಷನ್ ಯಂತ್ರಕ್ಕೆ ಬಣ್ಣ ಬಳಿದುಕೊಂಡು ಬಂತು. 2022ರಲ್ಲಿ ಪೂರ್ತಿ ಹೊಸದಾಗಿ ಕಟ್ಟಿದ್ದೇವೆ ಅಂತ 70 ಡಾಲರ್‌ಗೆ ಬಂತು. ಅಷ್ಟು ಕೊಟ್ಟರೆ ನಾಯಕನ ಗಡ್ಡದ ಕೂದಲು ಒಂದೊಂದಾಗಿ ಎಣಿಸಬಹುದು. ಎಣಿಸಿದವರೂ ಇದ್ದಾರೆ ಅಂತ ಕಾಣುತ್ತೆ, ವಿಮರ್ಶೆ ಓದಿದರೆ.

ಬಣ್ಣ ಬಳಿಯೋಕೂ ಕೈ ಬೇಕು. 2021ರಲ್ಲಿ ರಾಕ್‌ಸ್ಟಾರ್ ಕಂಪನಿಯವರು ಜಿಟಿಎ ಅನ್ನೋ ಕಾರು ಕದ್ದು ಓಡಿಸೋ ಗೇಮ್‌ಗಳಲ್ಲಿ ಮೂರು ಹಳೇವನ್ನು ಒಟ್ಟಿಗೆ ಕಟ್ಟಿ 'ಡೆಫಿನಿಟಿವ್ ಎಡಿಷನ್' ಅಂತ ಬಿಟ್ಟರು. ಅದರಲ್ಲೊಂದು ಡೋನಟ್ ಅಂಗಡಿ. ಹೆಸರು 'ಟಫ್ ನಟ್'. ಮೊದಲಿನ ಗೇಮ್‌ನಲ್ಲಿ ಅಂಗಡಿ ಮೇಲೆ ಆರು ಮೂಲೆಯ ದೊಡ್ಡ ನಟ್ ಇತ್ತು, ಬೋಲ್ಟಿಗೆ ಹಾಕ್ತೀವಲ್ಲ, ಅಂಥದ್ದು. ಹೊಸದರಲ್ಲಿ ಮೂಲೆಗಳನ್ನೆಲ್ಲ ನೈಸ್ ಮಾಡಿ ಟೈರ್ ಮಾಡಿಟ್ಟಿದ್ದರು. ತಮಾಷೆ ಏನು ಅಂತ ಕಂಪ್ಯೂಟರ್‌ಗೆ ಗೊತ್ತಾಗಲಿಲ್ಲ, ನೋಡಿ ಪಾಸ್ ಮಾಡಿದವರಿಗೂ ಗೊತ್ತಾಗಲಿಲ್ಲ. ಇನ್ನು ಮಳೆ. ಪರದೆ ತುಂಬ ಬಿಳಿ ದಾರ ಎಳೆದ ಹಾಗೆ, ಮುಂದಿನ ರಸ್ತೆಯೇ ಕಾಣದ ಮಳೆ. ಜಗತ್ತೆಲ್ಲ ಬೈದುಕೊಂಡಿತು. ಶಿರಾಡಿ ಘಾಟಿಯಲ್ಲಿ ಗಾಡಿ ಓಡಿಸಿದವರಿಗೆ ಮಾತ್ರ ಅದರಲ್ಲಿ ತಪ್ಪೇನಿದೆ ಅಂತ ಗೊತ್ತಾಗಲಿಲ್ಲ. ಕೊನೆಗೆ ಕಂಪನಿ ಕ್ಷಮೆ ಕೇಳಿತು.

ಹೊಸ ಗೇಮ್‌ಗಳ ಕಥೆ ಬೇರೆ. 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಬಂದಾಗ ವಿಮರ್ಶಕರಿಗೆ ಮುಂಚೆ ಸಿಕ್ಕಿದ್ದು ಪಿಸಿ ಪ್ರತಿ ಮಾತ್ರ. ವಿಡಿಯೊ ತೋರಿಸಬೇಕಾದರೆ ಕಂಪನಿ ಕೊಟ್ಟಿದ್ದನ್ನೇ ತೋರಿಸಬೇಕಿತ್ತು. ಹತ್ತಕ್ಕೆ ಒಂಬತ್ತು ಕೊಟ್ಟವರೂ ಇದ್ದರು. ಜನ ಪ್ಲೇಸ್ಟೇಷನ್‌ನಲ್ಲಿ ಹಾಕಿ ನೋಡಿದರೆ ಅದು ಕುಂಟುತ್ತಿತ್ತು. ವಾರ ಕಳೆಯುತ್ತಿದ್ದಂತೆ ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆದುಹಾಕಿತು. ಒಂಬತ್ತು ಅಂಕ ಮಾತ್ರ ಯಾರೂ ವಾಪಸ್ ತಗೊಳ್ಳೋಕೆ ಹೋಗಲಿಲ್ಲ.

ಅಂಕದ ವಿಷಯ ನಮಗೆ ಹೇಳಿಕೊಡಬೇಕಾಗಿಲ್ಲ. 2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದ ಜಿಲ್ಲೆ ಹಾಸನ. ಆದರೆ ಇವರ ಹತ್ತು ಅಂಕದ ಪದ್ಧತಿ ನಮಗೂ ಅರ್ಥವಾಗಲ್ಲ. ದೊಡ್ಡ ಕಂಪನಿ ಗೇಮ್ ಆದರೆ ಎಣಿಕೆ ಶುರುವಾಗೋದೇ ಏಳರಿಂದ. ಆರು ಅಂದರೆ ಬೈಗುಳ. ಒಂದರಿಂದ ಐದರವರೆಗಿನ ಅಂಕ ಸುಮ್ನೆ ಅಲಂಕಾರಕ್ಕೆ ಇಟ್ಟಿರೋದು. ಈ ಅಂಕ ನಂಬಿ ಸಂಬಳ ಕೊಡೋದೂ ಉಂಟು. 2010ರಲ್ಲಿ 'ಫಾಲೌಟ್: ನ್ಯೂ ವೆಗಾಸ್' ಮಾಡಿದ ಅಬ್ಸಿಡಿಯನ್‌ನವರಿಗೆ, ಎಲ್ಲ ವಿಮರ್ಶಕರ ಅಂಕ ಕೂಡಿಸಿ ನೂರಕ್ಕೆ ಸರಾಸರಿ ಹಾಕೋ ಮೆಟಾಕ್ರಿಟಿಕ್ ಅನ್ನೋ ತಾಣದಲ್ಲಿ 85 ಬಂದರೆ ಬೋನಸ್ ಅಂತ ಒಪ್ಪಂದ ಆಗಿತ್ತು. ಬಂದಿದ್ದು 84. ನಮ್ಮ ಹುಡುಗರಾಗಿದ್ದರೆ ಅವತ್ತೇ ಮರುಮೌಲ್ಯಮಾಪನಕ್ಕೆ ಹಾಕುತ್ತಿದ್ದರು.

ದುಡ್ಡು ಕೊಟ್ಟರೆ ಗೇಮ್ ನಮ್ಮದಾಗುತ್ತಾ? ಅದೂ ಇಲ್ಲ. ಯೂಬಿಸಾಫ್ಟ್‌ನವರು 2014ರ 'ದಿ ಕ್ರೂ' ಗೇಮನ್ನು 2024ರ ಮಾರ್ಚ್ ಕೊನೆಗೆ ಮುಚ್ಚಿದರು. ಕೊಂಡವರ ಹತ್ತಿರವೂ ಅದು ಓಡದ ಹಾಗಾಯಿತು. ದುಡ್ಡು ನಮ್ಮದು, ಖಾತೆ ಅವರ ಹೆಸರಲ್ಲೇ.

ಇಷ್ಟರ ಮಧ್ಯೆ ಒಬ್ಬರು ಇಬ್ಬರು ಕೂತು ಮಾಡೋ ಸಣ್ಣ ಗೇಮ್‌ಗಳ ಪಾಡು ನೋಡಿ. 'ಬಲಾಟ್ರೊ' ಅಂತ ಒಂದಿದೆ, ಒಬ್ಬನೇ ಮಾಡಿದ್ದು. ಇಸ್ಪೀಟ್ ಎಲೆ ಜೋಡಿಸೋದು ಅಷ್ಟೇ, ಒಂದು ಪೈಸೆ ಬಾಜಿ ಇಲ್ಲ. ಯುರೋಪಿನ ಪೆಗಿ ಅನ್ನೋ ಸಂಸ್ಥೆ ಎಲೆ ಕಂಡಿದ್ದೇ ತಡ, 18 ವರ್ಷ ಮೇಲ್ಪಟ್ಟವರಿಗೆ ಮಾತ್ರ ಅಂತ ಮೊಹರು ಒತ್ತಿತು. ನಿಜವಾದ ದುಡ್ಡು ಕೊಟ್ಟು, ಯಾವ ಆಟಗಾರ ಸಿಗ್ತಾನೋ ಅಂತ ಪೊಟ್ಟಣ ಒಡೆಯೋ ಫುಟ್‌ಬಾಲ್ ಗೇಮ್‌ಗೆ ಮಾತ್ರ ಆಗ 3 ವರ್ಷದ ಮೊಹರು. ಅಂಗನವಾಡಿ ಮಗು ಪೊಟ್ಟಣ ಒಡೀಬಹುದಿತ್ತು, ಕಾಲೇಜು ಹುಡುಗ ಎಲೆ ಮುಟ್ಟೋ ಹಾಗಿರಲಿಲ್ಲ. ಗಲಾಟೆ ಆದಮೇಲೆ 2025ರಲ್ಲಿ ಬಲಾಟ್ರೊದ್ದನ್ನು 12ಕ್ಕೆ ಇಳಿಸಿದರು ಅನ್ನಿ.

ಅದೇ ವರ್ಷ ಸೆಪ್ಟೆಂಬರ್ 4ಕ್ಕೆ 'ಸಿಲ್ಕ್‌ಸಾಂಗ್' ಬಂತು. ಆಸ್ಟ್ರೇಲಿಯಾದ ಅಡಿಲೇಡ್‌ನ ಪುಟ್ಟ ತಂಡದ್ದು, 20 ಡಾಲರ್. 2019ರಿಂದ ಕಾದೆವು ಅಂತ ಜನ ಗೋಳಾಡಿದ್ದೇ ಗೋಳಾಡಿದ್ದು. ನಮ್ಮ ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣಕ್ಕೆ ಕಾದವರ ಮುಂದೆ ಆರು ವರ್ಷ ಯಾವ ಲೆಕ್ಕ? ವಿಮರ್ಶಕರಿಗೂ ಅದು ಎಲ್ಲರ ಜೊತೆಗೇ ಸಿಕ್ಕಿತು. ಅವರು ಅಂಕ ಕೊಡೋಕೆ ಮೊದಲೇ ಜನ ಮುಗಿಬಿದ್ದು, ಸ್ಟೀಮ್ ಸೇರಿ ಆನ್‌ಲೈನ್ ಅಂಗಡಿಗಳೇ ಮಕಾಡೆ ಮಲಗಿದವು.

ನನಗೆ ಇಷ್ಟವಾದ ವಿಮರ್ಶೆ ಬಂದಿದ್ದು ಶಾಂತಿಗ್ರಾಮದ ಹತ್ತಿರ ಆಲೂಗಡ್ಡೆ ಬೆಳೆಯೋ ಮಾವನಿಂದ. ನಾನು 'ಸ್ಟಾರ್‌ಡ್ಯೂ ವ್ಯಾಲಿ' ಆಡ್ತಿದ್ದೆ. 2016ರ ಗೇಮ್. ಎರಿಕ್ ಬರೋನ್ ಅನ್ನೋನು ನಾಲ್ಕು ವರ್ಷಕ್ಕೂ ಮೇಲೆ ಒಬ್ಬನೇ ಕೂತು ಮಾಡಿದ್ದು. ನಮ್ಮಲ್ಲಿ ಕಾಫಿ ಗಿಡ ನೆಟ್ಟರೆ ಮೊದಲ ಫಸಲಿಗೂ ಮೂರ್ನಾಲ್ಕು ವರ್ಷ. ಅವನ ಗೇಮ್‌ನೊಳಗೆ ಮಾತ್ರ ಕಾಫಿ ಹತ್ತೇ ದಿನಕ್ಕೆ ಬರುತ್ತೆ. ಆಮೇಲೂ ಹೊಸ ಹೊಸ ಭಾಗ ಸೇರಿಸ್ತಾನೇ ಇದ್ದಾನೆ, ಎಲ್ಲ ಪುಕ್ಕಟೆ. ಮತ್ತೆ ಮಾರಬಹುದು ಅಂತ ಅವನಿಗೆ ಯಾರೂ ಹೇಳಿಲ್ಲ ಪಾಪ.

"ಏನ್ಲಾ ಇದು?" ಅಂದರು ಮಾವ.

"ಬೇಸಾಯದ ಗೇಮ್ ಮಾವ."

"ದುಡ್ಡು ಕೊಟ್ಟು ಬೇಸಾಯ ಮಾಡ್ತಿದ್ದೀಯಾ? ನಮ್ ಹೊಲಕ್ಕೆ ಬಾ, ಪುಕ್ಸಟ್ಟೆ ಮಾಡೀವಂತೆ."

ಆಲೂಗಡ್ಡೆ ಆರು ದಿನಕ್ಕೆ ಬರುತ್ತೆ ಅಂದೆ. ನಕ್ಕರು. ಅವರದ್ದು ಮೂರು ತಿಂಗಳ ಬೆಳೆ, ಮಧ್ಯೆ ಅಂಗಮಾರಿ ಹೊಡೀದಿದ್ದರೆ. ಗೇಮ್‌ನ ಟಿವಿಯಲ್ಲಿ ನಾಳೆ ಮಳೆ ಅಂದರೆ ನಾಳೆ ಮಳೆ ಬಂದೇ ಬರುತ್ತೆ ಅಂದೆ. ಅದಕ್ಕೂ ನಕ್ಕರು. ಸಂಜೆ ಗಡ್ಡೆಯನ್ನು ಮನೆ ಮುಂದಿನ ಪೆಟ್ಟಿಗೆಗೆ ಹಾಕಿದರೆ ಬೆಳಗ್ಗೆ ದುಡ್ಡು ಬಂದಿರುತ್ತೆ ಅಂದಾಗ ಮಾತ್ರ ನಗಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ದಲ್ಲಾಳಿ ಯಾರು?"

"ಯಾರೂ ಇಲ್ಲ."

"ಕಮಿಷನ್ನು?"

"ಇಲ್ಲ. ಎಷ್ಟು ಬೆಳೆದರೂ ಒಂದೇ ರೇಟು."

"ಥೂ, ಬರೀ ಸುಳ್ಳು."

ಆದರೂ ಹತ್ತಕ್ಕೆ ಎಷ್ಟು ಕೊಡ್ತೀರಾ ಮಾವ ಅಂದೆ. ಅವರ ವಿಚಾರಣೆ ಇನ್ನೂ ಮುಗಿದಿರಲಿಲ್ಲ.

"ಬಿತ್ತನೆ ಗಡ್ಡೆ ಎಲ್ಲಿಂದ ತರ್ತೀಯ? ಜಲಂಧರಿಂದ್ಲಾ?"

"ಇಲ್ಲ, ಊರಲ್ಲೇ ಪಿಯೆರ್ ಅಂತ ಅಂಗಡಿಯವನಿದ್ದಾನೆ. ಬುಧವಾರ ಬಾಗಿಲು ಹಾಕಿರ್ತಾನೆ."

"ಉದ್ರಿ ಕೊಡ್ತಾನಾ?"

"ಕೊಡಲ್ಲ."

"ನೋಡು, ಅವನೊಬ್ಬನ್ನ ಸರಿಯಾಗಿ ಮಾಡವ್ರೆ. ಅವನಿಗೆ ಹತ್ತಕ್ಕೆ ಹತ್ತು ಬರ್ಕೊ."