ಓದು, ಗೊತ್ತಾಗುತ್ತೆ

ಹೋದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ಅಕ್ಕನ ಮಗಳು ಫೋನ್ ಮಾಡಿದಳು. ಹಲೋ ಕೂಡ ಇಲ್ಲ. "ಚಿಕ್ಕಮ್ಮ, ಬಾಗಿಲ ಹಿಂದೆ ಇದ್ದಿದ್ದು ಯಾರು? ಅಷ್ಟು ಹೇಳಿಬಿಡು, ಮಲಗ್ತೀನಿ."

ಯಾವ ಬಾಗಿಲು ಅಂತ ನಾನು ಕೇಳಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಅದೇ ಬಾಗಿಲ ಮುಂದೆ ನಾನೂ ನಿಂತಿದ್ದೆ.

ಅವಳು ಓದುತ್ತಿರುವುದು ರಾಬರ್ಟ್ ಜೋರ್ಡನ್ ಅವರ 'ದಿ ವೀಲ್ ಆಫ್ ಟೈಮ್' ಅನ್ನುವ ಫ್ಯಾಂಟಸಿ ಕಾದಂಬರಿ ಸರಣಿ. ಮೊದಲು ಟಿವಿ ಸರಣಿ ನೋಡಿದ್ದಳು. ಅದು ಮೂರು ಸೀಸನ್ ಆಗಿ 2025ರಲ್ಲಿ ನಿಂತುಹೋಯಿತು. ಮುಂದೇನಾಯಿತು ಅಂತ ತಡೆಯಲಾರದೆ ನನ್ನ ಕಪಾಟಿನಿಂದ ಪುಸ್ತಕ ಒಯ್ದಳು. ಆವತ್ತು ಐದನೇದು ಮುಗಿಸಿದ್ದಳು. ಅದರ ಕೊನೆಯಲ್ಲಿ ಆಸ್ಮೋಡಿಯನ್ ಅನ್ನುವವನು ವೈನ್ ಹುಡುಕಿಕೊಂಡು ಹೋಗಿ ಒಂದು ಬಾಗಿಲು ತೆರೆಯುತ್ತಾನೆ. ಎದುರಿಗೆ ಯಾರೋ ಇದ್ದಾರೆ. ಅವನಿಗೆ ಗುರುತು ಸಿಗುತ್ತದೆ, ನಮಗೆ ಸಿಗುವುದಿಲ್ಲ. ಅಷ್ಟರಲ್ಲಿ ಅವನು ಸತ್ತಿರುತ್ತಾನೆ.

"ಓದು, ಗೊತ್ತಾಗುತ್ತೆ" ಅಂದೆ.

ಅವಳಿಗೆ ಸಿಟ್ಟು ಬಂತು. ಫೋನ್ ಇಟ್ಟೇಬಿಟ್ಟಳು. ಆ ಮಾತು ನನ್ನದಲ್ಲ, ಜೋರ್ಡನ್ ಅವರದು. ಓದುಗರು ಮುಂದಿನ ಕಥೆಯ ಬಗ್ಗೆ ಏನೇ ಕೇಳಿದರೂ ಅವರು ಕೊಡುತ್ತಿದ್ದ ಉತ್ತರ 'ರೀಡ್ ಅಂಡ್ ಫೈಂಡ್ ಔಟ್'. ಎಷ್ಟು ಸಲ ಹೇಳಿದರೆಂದರೆ, ನಾಲ್ಕು ಪದಗಳ ಮೊದಲಕ್ಷರ ಸೇರಿಸಿ ಓದುಗರು ಅದಕ್ಕೆ 'ರಾಫೋ' ಅಂತ ಹೆಸರಿಟ್ಟರು. ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಲು ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ ಒಂದು ಪ್ರಶ್ನೆ ಕೇಳಿ, 'ರಾಫೋ' ಅನ್ನಿಸಿಕೊಂಡು ಬಂದವರು ಸಾವಿರಾರು ಜನ ಇದ್ದಾರೆ.

ಇದು ಲೇಖಕರ ಸೊಕ್ಕು ಅಂತ ಹೇಳುವವರಿದ್ದಾರೆ. ದುಡ್ಡು ಕೊಟ್ಟು ಪುಸ್ತಕ ತಗೊಂಡಿದ್ದೇವೆ, ವರ್ಷಗಟ್ಟಲೆ ಕಾದಿದ್ದೇವೆ, ಒಂದು ಉತ್ತರ ಕೊಟ್ಟರೆ ಏನು ಗಂಟು ಹೋಗುತ್ತೆ ಅಂತ. ನಾನು ಇದನ್ನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಬೇಕೆಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಈ ಸರಣಿ ಹಿಡಿದದ್ದು 2002ರಲ್ಲಿ, ಮೈಸೂರಿನ ಹಾಸ್ಟೆಲ್‌ನಲ್ಲಿದ್ದಾಗ. ಬೆಂಗಳೂರಿಗೆ ಹೋದಾಗಲೆಲ್ಲ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ ತರುತ್ತಿದ್ದೆ. ಸಿಕ್ಕಿದ್ದನ್ನು ಸಿಕ್ಕಿದ ಹಾಗೆ ಓದಿದೆ. ಮೂರನೇದಕ್ಕಿಂತ ಮೊದಲೇ ನಾಲ್ಕನೇದು ಓದಿ ಮುಗಿಸಿದ್ದೆ. ಕಾಲ ಚಕ್ರದ ಹಾಗೆ ಸುತ್ತುತ್ತದೆ, ಮುಗಿದ ಯುಗ ಮತ್ತೆ ಬರುತ್ತದೆ, ಸತ್ತವರು ಮತ್ತೆ ಹುಟ್ಟುತ್ತಾರೆ. ಇಡೀ ಕಥೆ ನಿಂತಿರುವುದು ಇದರ ಮೇಲೆ. ಆ ಕಲ್ಪನೆ ಹಿಂದೂ ಪುರಾಣಗಳಿಂದ ಬಂದದ್ದು ಅಂತ ಜೋರ್ಡನ್ ಅವರೇ ಹೇಳಿದ್ದರು. ನನಗೆ ಅದು ಪರದೇಶದ ಕಥೆ ಅನ್ನಿಸಲೇ ಇಲ್ಲ.

ಪಕ್ಕದ ರೂಮಿನ ಗೆಳತಿಯೂ ಓದುತ್ತಿದ್ದಳು. ಆ ಬಾಗಿಲ ಹಿಂದೆ ಯಾರು ಅಂತ ನಾವಿಬ್ಬರು ಒಂದು ಇಡೀ ಸೆಮಿಸ್ಟರ್ ವಾದ ಮಾಡಿದೆವು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪಟ್ಟಿ ಮಾಡಿ, ಯಾರು ಆವತ್ತು ಎಲ್ಲಿದ್ದರು, ಯಾರಿಗೆ ಅವನ ಮೇಲೆ ದ್ವೇಷವಿತ್ತು ಅಂತ ಗೆರೆ ಎಳೆದೆವು. ನನಗೆ ಅಷ್ಟು ಗಮನ ಕೊಟ್ಟು ಓದುವುದನ್ನು ಕಲಿಸಿದ್ದು ಪಾಠದ ಪುಸ್ತಕಗಳಲ್ಲ, ಆ ಒಂದು ಪ್ರಶ್ನೆ. ಪ್ರತಿ ಸಾಲನ್ನೂ ಇದು ಸುಮ್ನೆ ಬಂದಿದ್ದಲ್ಲ ಅಂತ ಅನುಮಾನದಿಂದ ನೋಡುತ್ತಿದ್ದೆವು.

ಐದನೇ ಪುಸ್ತಕ ಬಂದದ್ದು 1993ರಲ್ಲಿ. ಉತ್ತರಕ್ಕೆ ಬೇಕಾದ ಸುಳಿವುಗಳೆಲ್ಲ ಪುಸ್ತಕದಲ್ಲೇ ಇವೆ ಅಂತ ಜೋರ್ಡನ್ ಹೇಳಿದ್ದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಉತ್ತರ ನೇರವಾಗಿ ಅಚ್ಚಾದದ್ದು 2010ರಲ್ಲಿ, ಹದಿಮೂರನೇ ಪುಸ್ತಕದ ಹಿಂದೆ ಕೊಟ್ಟಿರುವ ಪದಕೋಶದಲ್ಲಿ. ಹದಿನೇಳು ವರ್ಷದ ಜಗಳಕ್ಕೆ ಒಂದೇ ಒಂದು ಸಾಲು! ಓದಿದ ಕೂಡಲೇ ಗೆಳತಿಗೆ ಫೋನ್ ಮಾಡಿದೆ. ಅವಳು ಹೇಳಿದ್ದೇ ಸರಿಯಾಗಿತ್ತು. ಇಬ್ಬರೂ ಐದು ನಿಮಿಷ ಕೂಗಾಡಿದೆವು. ಆಮೇಲೆ ಅವಳು, "ಇನ್ನು ಏನು ಮಾತಾಡೋದು ಮಾರಾಯ್ತಿ?" ಅಂದಳು. ಅವಳ ದನಿಯಲ್ಲಿ ನಿಜವಾದ ಬೇಜಾರಿತ್ತು. 1994ರಲ್ಲೇ ಯಾರದೋ ಪ್ರಶ್ನೆಗೆ ಜೋರ್ಡನ್ ಆ ಹೆಸರು ಹೇಳಿಬಿಟ್ಟಿದ್ದರೆ ನಮಗೆ ಆ ಸೆಮಿಸ್ಟರ್ ಸಿಗುತ್ತಿರಲಿಲ್ಲ.

ಇನ್ನೊಂದು ಮಾತು. ಪುಸ್ತಕದ ಹೊರಗೆ ಲೇಖಕರು ಕೊಡುವ ಉತ್ತರಕ್ಕೆ ಏನು ಬೆಲೆ? 2007ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಒಬ್ಬ ಓದುಗರ ಪ್ರಶ್ನೆಗೆ ಉತ್ತರಿಸುತ್ತಾ ಜೆ.ಕೆ. ರೌಲಿಂಗ್, ತನ್ನ 'ಹ್ಯಾರಿ ಪಾಟರ್' ಕಥೆಯ ಮುದಿ ಹೆಡ್‌ಮಾಸ್ಟರ್ ಡಂಬಲ್‌ಡೋರ್ ಸಲಿಂಗಿ ಅಂತ ತಾನು ಮೊದಲಿನಿಂದಲೂ ಅಂದುಕೊಂಡಿದ್ದಾಗಿ ಹೇಳಿದರು. ಅಷ್ಟರಲ್ಲಿ ಏಳೂ ಪುಸ್ತಕ ಬಂದು ಮುಗಿದಿದ್ದವು. ಅದು ನಿಜವೇ ಆಗಿದ್ದರೆ ಕಥೆಯೊಳಗೆ ಆ ಮುದುಕನ ಬದುಕಾಗಿ ಬರಬೇಕಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ವೇದಿಕೆಯ ಮೇಲೆ ಹೇಳಿದ್ದು ಸುದ್ದಿಯಾಯಿತು, ಕಥೆಯಾಗಲಿಲ್ಲ.

'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ ಬೇರೆ ತರಹದ ಮನುಷ್ಯ. ಓದುಗರ ಪತ್ರಗಳಿಗೆ ಪುಟಗಟ್ಟಲೆ ಉತ್ತರ ಬರೆಯುತ್ತಿದ್ದರು. 1954ರಲ್ಲಿ ಒಬ್ಬರಿಗೆ ಬರೆದ ಉತ್ತರ ಎಷ್ಟು ಉದ್ದವಾಯಿತೆಂದರೆ, ತನ್ನನ್ನು ತಾನು ತೀರಾ ದೊಡ್ಡದಾಗಿ ಭಾವಿಸಿಕೊಂಡಂತಾಗುತ್ತದೆ ಅನ್ನಿಸಿ ಕಳಿಸಲೇ ಇಲ್ಲ. ಆದರೆ ಅದೇ ವರ್ಷ ಇನ್ನೊಂದು ಪತ್ರದಲ್ಲಿ, ಆ ಕಥೆಯ ಟಾಮ್ ಬಾಂಬಡಿಲ್ ಅನ್ನುವ ಪಾತ್ರ ಬೇಕೆಂದೇ ಉಳಿಸಿದ ಒಗಟು ಅಂತ ಬರೆದರು. ಅಷ್ಟೆಲ್ಲ ಬಿಡಿಸಿ ಹೇಳುವವರಿಗೂ ಒಂದು ಕದ ಮುಚ್ಚಿಡಬೇಕು ಅಂತ ಗೊತ್ತಿತ್ತು ನೋಡಿ.

ಹಾಗಂತ ಜೋರ್ಡನ್ ಎಲ್ಲ ಪ್ರಶ್ನೆಗೂ ಕದ ಹಾಕಿದವರಲ್ಲ. ಒಂದು ಪ್ರಶ್ನೆಗೆ ಯಾವಾಗಲೂ ಉತ್ತರ ಕೊಟ್ಟರು. ಇನ್ನೆಷ್ಟು ಪುಸ್ತಕ ಬಾಕಿ ಇದೆ ಅನ್ನುವುದಕ್ಕೆ. ಅವರ ಉತ್ತರ ಪ್ರತಿ ಸಲ ತಪ್ಪಾದದ್ದೂ ಅಲ್ಲಿಯೇ.

ಶುರುವಿನಲ್ಲಿ ಪ್ರಕಾಶಕ ಟಾಮ್ ಡೋಹರ್ಟಿ ಆರು ಪುಸ್ತಕಕ್ಕೆ ಒಪ್ಪಂದ ಬರೆದಿದ್ದರು. ಮೊದಲನೆಯದು 1990ರ ಜನವರಿಯಲ್ಲಿ ಬಂತು. ಆರಾಯಿತು, ಏಳಾಯಿತು, ಎಂಟಾಯಿತು. ಕನಿಷ್ಠ ಇನ್ನು ಮೂರು ಅನ್ನುತ್ತಿದ್ದರು. ಮೂರು ಬಂದ ಮೇಲೂ ಇನ್ನು ಮೂರು. ಕೊನೆಯ ದೃಶ್ಯ ಮೊದಲ ಪುಸ್ತಕ ಬರುವ ಮೊದಲೇ ಅವರ ತಲೆಯಲ್ಲಿತ್ತು. ಅಲ್ಲಿಗೆ ಹೋಗುವ ದಾರಿ ಎಷ್ಟುದ್ದ ಅಂತ ಮಾತ್ರ ಅವರಿಗೂ ಅಂದಾಜಿರಲಿಲ್ಲ.

2003ರ ಜನವರಿಯಲ್ಲಿ ಹತ್ತನೇದು ಬಂತು. ಒಂಬತ್ತನೇದರ ಕೊನೆಯಲ್ಲಿ ಜಗತ್ತೇ ಅಲ್ಲಾಡುವಂಥ ಘಟನೆ ನಡೆದಿತ್ತು. ಹತ್ತನೇದರಲ್ಲಿ ಬಹುಪಾಲು, ಆ ಹೊತ್ತಿಗೆ ಬೇರೆಬೇರೆ ಪಾತ್ರಗಳು ಏನು ಮಾಡುತ್ತಿದ್ದವು ಅನ್ನುವುದೇ ಇದೆ. ಕಥೆ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ನನಗೆ ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಿಂಗಳ ಖರ್ಚಿನಲ್ಲಿ ಉಳಿಸಿ ಹೊಸ ಪ್ರತಿಯನ್ನೇ ತಗೊಂಡಿದ್ದೆ. ನಮ್ಮಮ್ಮ ವಾರಪತ್ರಿಕೆಯ ಧಾರಾವಾಹಿ ಪುಟಗಳನ್ನು ಕತ್ತರಿಸಿ, ದಬ್ಬಣದಲ್ಲಿ ಹೊಲಿದು, ಕಂದು ಬಣ್ಣದ ಕಾಗದದ ರಟ್ಟು ಹಾಕಿ ಇಡುತ್ತಿದ್ದರು. ನನ್ನ ಗೊಣಗಾಟ ಕೇಳಿ, "ವಾರ ವಾರ ಕಾಯೋದೇ ನಮಗೆ ಕಷ್ಟ ಆಗ್ತಿತ್ತು, ನೀವು ಎರಡು ಮೂರು ವರ್ಷ ಹೇಗೆ ಕಾಯ್ತೀರೇ?" ಅಂತ ಕೇಳಿದ್ದರು. ಆ ಸಿಟ್ಟು ತಪ್ಪಾಗಿತ್ತು ಅಂತ ನಾನು ಇವತ್ತೂ ಹೇಳುವುದಿಲ್ಲ. ಮುಂದೇನು ಅಂತ ಕೇಳಿ ಉತ್ತರ ಪಡೆಯುವ ಹಕ್ಕು ಓದುಗರಿಗೆ ಇಲ್ಲದಿರಬಹುದು. ಆದರೆ ಕಾಯಿಸಿದ್ದಕ್ಕೆ ಬೇಜಾರು ಪಡುವ ಹಕ್ಕಂತೂ ಇದೆ. 'ಗೇಮ್ ಆಫ್ ಥ್ರೋನ್ಸ್' ಬರೆದ ಜಾರ್ಜ್ ಮಾರ್ಟಿನ್ ಅವರ ಆ ಸರಣಿಯ ಆರನೇ ಪುಸ್ತಕಕ್ಕೆ 2011ರಿಂದ ಕಾಯುತ್ತಿರುವವರನ್ನು ಯಾರಾದರೂ ಗದರಿಸಿದರೆ ನಾನು ಓದುಗರ ಕಡೆಯೇ ನಿಲ್ಲುತ್ತೇನೆ.

2005ರಲ್ಲಿ ಹನ್ನೊಂದನೇದು ಬಂತು. ಎಷ್ಟೇ ದಪ್ಪ ಆಗಲಿ, ಹನ್ನೆರಡನೆಯದೇ ಕೊನೆಯದು ಅಂತ ಜೋರ್ಡನ್ ಖಂಡಿತವಾಗಿ ಹೇಳಿದರು. 2006ರ ಮಾರ್ಚ್‌ನಲ್ಲಿ ಓದುಗರಿಗೆ ಒಂದು ಪತ್ರ ಬರೆದರು. ಹೃದಯಕ್ಕೆ ಅಮೈಲಾಯ್ಡೋಸಿಸ್ ಅನ್ನುವ ಅಪರೂಪದ ಕಾಯಿಲೆ ಬಂದಿದೆ, ಚಿಕಿತ್ಸೆ ಮಾಡಿಸಿದರೆ ಸರಾಸರಿ ನಾಲ್ಕು ವರ್ಷ ಅನ್ನುತ್ತಾರೆ, ಆದರೆ ನನಗಿನ್ನೂ ಮೂವತ್ತು ವರ್ಷ ಬರೆಯುವಷ್ಟು ಕೆಲಸವಿದೆ ಅಂತ. ಅದನ್ನು ಓದಿದಾಗ ಹತ್ತನೇ ಪುಸ್ತಕದ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

2007ರ ಸೆಪ್ಟೆಂಬರ್ 15ರಂದು ಗಣೇಶನ ಹಬ್ಬ. ಊರಿಗೆ ಹೋಗಿದ್ದೆ. ಸೋಮವಾರ ವಾಪಸ್ ಆಫೀಸಿಗೆ ಬಂದು ಕಂಪ್ಯೂಟರ್ ತೆಗೆದರೆ ಸುದ್ದಿ. ಹಿಂದಿನ ದಿನ, 16ರಂದು ಜೋರ್ಡನ್ ತೀರಿಕೊಂಡಿದ್ದರು. 58 ವರ್ಷ. ಬ್ಯಾಗಿನಲ್ಲಿ ಅಮ್ಮ ಕಟ್ಟಿಕೊಟ್ಟ ಕಡುಬು ಹಾಗೇ ಇತ್ತು. ಮಧ್ಯಾಹ್ನ ತಿನ್ನಲು ಆಗಲಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಅವರ ಹೆಂಡತಿ ಹ್ಯಾರಿಯಟ್ ಮೆಕ್‌ಡೂಗಲ್ ಅವರೇ ಈ ಸರಣಿಯ ಸಂಪಾದಕಿ. ಹದಿಹರೆಯದಲ್ಲಿ ಮೊದಲ ಪುಸ್ತಕ ಓದಿ ಮರುಳಾಗಿದ್ದ ಬ್ರ್ಯಾಂಡನ್ ಸ್ಯಾಂಡರ್ಸನ್ ಆಗ ಇನ್ನೂ ಹೊಸ ಲೇಖಕ. ಜೋರ್ಡನ್ ತೀರಿಕೊಂಡಾಗ ಆತ ಬರೆದ ಶ್ರದ್ಧಾಂಜಲಿ ಹ್ಯಾರಿಯಟ್ ಕೈಗೆ ಸಿಕ್ಕಿತು. ಉಳಿದದ್ದನ್ನು ಬರೆಯುವ ಕೆಲಸ ಆತನಿಗೇ ಬಂತು. ಕೊನೆಯ ಪುಸ್ತಕಕ್ಕೆಂದು ಜೋರ್ಡನ್ ಬಿಟ್ಟುಹೋದದ್ದು ಸುಮಾರು ಇನ್ನೂರು ಪುಟ. ಅದರಲ್ಲಿ ಬರೆದು ಮುಗಿಸಿದ ದೃಶ್ಯಗಳು ಅರ್ಧ, ಟಿಪ್ಪಣಿಗಳು ಅರ್ಧ. ಒಂದು ಪುಸ್ತಕ ಮೂರಾಯಿತು. 2013ರ ಜನವರಿಯಲ್ಲಿ ಹದಿನಾಲ್ಕನೆಯದರೊಂದಿಗೆ ಕಥೆ ಮುಗಿಯಿತು. ಅದರ ಕೊನೆಯ ದೃಶ್ಯ ಜೋರ್ಡನ್ ಅವರೇ ಬರೆದಿಟ್ಟಿದ್ದದ್ದು.

ನಾನು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ನಿನ್ನೆಯವರೆಗೆ ಸಾಲಿನಲ್ಲಿ ನಮ್ಮ ಜೊತೆ ನಿಂತಿದ್ದಂಥ ಒಬ್ಬ ಓದುಗ ಮೇಜಿನ ಆ ಕಡೆ ಹೋಗಿ ಕೂರುತ್ತಾನೆ. ನಮಗೆಲ್ಲ ಇದ್ದ ಪ್ರಶ್ನೆಗಳೇ ಆತನಿಗೂ ಇದ್ದವು. ಆತನ ಕೈಗೆ ಉತ್ತರಗಳ ಕಟ್ಟೇ ಬಂತು. ಆಮೇಲೆ ಆತ ಏನು ಮಾಡಿದ? ಅವನೂ 'ರಾಫೋ' ಅಂದ. ಈಗ ತನ್ನ ಸ್ವಂತ ಕಾದಂಬರಿಗಳ ಬಗ್ಗೆ ಕೇಳಿದರೆ, ಆ ಪದ ಅಚ್ಚು ಹಾಕಿಸಿದ ಸಣ್ಣ ಕಾರ್ಡನ್ನೇ ಓದುಗರ ಕೈಗೆ ಕೊಡುತ್ತಾನೆ. ಕಾರ್ಡ್ ಪಡೆದವರು ಅದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಅದು ಸೊಕ್ಕಾಗಿದ್ದರೆ ಯಾರಾದರೂ ಇಟ್ಟುಕೊಳ್ಳುತ್ತಿದ್ದರಾ? ನೀನು ಕೇಳಿದ್ದು ಒಳ್ಳೇ ಪ್ರಶ್ನೆ, ಅದನ್ನು ಹಾಳು ಮಾಡಲಾರೆ ಅನ್ನುವುದು ಅದರ ಅರ್ಥ ಅಂತ ನಾನು ತಿಳಿದಿದ್ದೇನೆ.

ಹತ್ತು ದಿನ ಬಿಟ್ಟು ಅಕ್ಕನ ಮಗಳು ಮತ್ತೆ ಫೋನ್ ಮಾಡಿದಳು. ಆರನೇ ಪುಸ್ತಕದಲ್ಲಿದ್ದಳು. ಈ ಸಲ ಬಾಗಿಲ ಸುದ್ದಿ ಇಲ್ಲ.

"ಚಿಕ್ಕಮ್ಮ, ಈ ರ್‍ಯಾಂಡ್ ಯಾಕೆ ಹೀಗಾಗ್ತಿದ್ದಾನೆ? ಮೊದಲನೇ ಪುಸ್ತಕದಲ್ಲಿ ಕುರಿ ಕಾಯೋ ಹುಡುಗ, ಎಷ್ಟು ಮೆತ್ತಗಿದ್ದ. ಈಗ ಕಲ್ಲಾಗ್ತಿದ್ದಾನೆ. ಸತ್ತ ಹೆಂಗಸರ ಹೆಸರು ಎಣಿಸ್ಕೊಂಡು ಕೂರ್ತಾನೆ. ನಂಗೆ ಅವನನ್ನ ನೋಡೋಕಾಗ್ತಿಲ್ಲ."

ಇದಕ್ಕೆ 'ಓದು, ಗೊತ್ತಾಗುತ್ತೆ' ಅನ್ನಲು ನನಗೆ ಬಾಯಿ ಬರಲಿಲ್ಲ. ಯಾಕೆಂದರೆ ಇಂಥದೊಂದು ಪ್ರಶ್ನೆಗೆ ಜೋರ್ಡನ್ ಕೂಡ ಹಾಗೆ ಅಂದಿರಲಿಲ್ಲ.

ಕಾಯಿಲೆಯ ದಿನಗಳಲ್ಲಿ ಅವರು ಇಂಟರ್ನೆಟ್ಟಿನಲ್ಲಿ ಓದುಗರಿಗೆ ಆಗಾಗ ಬರೆಯುತ್ತಿದ್ದರು. ಅವರು ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರ್ ಗನ್ನರ್ ಆಗಿದ್ದವರು. ಒಬ್ಬ ಓದುಗರ ಪ್ರಶ್ನೆಗೆ ಆ ದಿನಗಳ ಬಗ್ಗೆ ಬರೆದರು. ಅಲ್ಲಿ ಅವರಿಗೆ ಎರಡು ಅಡ್ಡಹೆಸರು ಇದ್ದವಂತೆ. ಮೊದಲನೆಯದು ಗಣೇಶ. ಹೌದು, ನಮ್ಮ ಗಣೇಶನೇ, ಆನೆ ಮುಖದವನು, ವಿಘ್ನ ಕಳೆಯುವವನು. ಎರಡನೆಯದು ಐಸ್‌ಮ್ಯಾನ್. ಅದು ಅವರಿಗೆ ಅಷ್ಟು ಇಷ್ಟವಿರಲಿಲ್ಲ. ಒಂದು ಫೋಟೋ ಬಗ್ಗೆ ಹೇಳುತ್ತಾರೆ. ಒಬ್ಬ ಹುಡುಗ ಮರದ ದಿಮ್ಮಿಯ ಮೇಲೆ ಕೂತು ಊಟ ಮಾಡುತ್ತಿದ್ದಾನೆ. ಪಕ್ಕದಲ್ಲೇ ಮೂರು ಹೆಣಗಳನ್ನು ಸಾಲಾಗಿ ಮಲಗಿಸಿದ್ದಾರೆ. ಅವನು ಕೊಂದದ್ದಲ್ಲ. ಬೇಕೆಂದು ಅಲ್ಲಿ ಕೂತದ್ದೂ ಅಲ್ಲ, ಕೂರಲು ಅನುಕೂಲವಾಗಿತ್ತು ಅಷ್ಟೆ. ಹೆಣಗಳು ಅವನಿಗೆ ಲೆಕ್ಕಕ್ಕೇ ಇಲ್ಲ. ಅಲ್ಲಿನ ಗಿಡ ಮರ ಇದ್ದ ಹಾಗೆ ಅವೂ ಇವೆ. ಆ ಹುಡುಗ ಅವರೇ. ಊರಿಗೆ ವಾಪಸ್ ಬರುವ ಮೊದಲು ಆ ಹುಡುಗನನ್ನು ಸೈಗಾನ್ ಹೊರಗೆ ಹೂತು ಬಂದೆ, ಅವನು ನಾಲ್ಕು ಜನರ ನಡುವೆ ಬದುಕಬಲ್ಲವನಾಗಿರಲಿಲ್ಲ ಅಂತ ಬರೆಯುತ್ತಾರೆ. ಪೂರ್ತಿ ಹೋಗಿದ್ದಾನೆ ಅಂದುಕೊಂಡಿದ್ದೇನೆ, ಹೋಗಿರಲಿ ಅನ್ನುತ್ತಾರೆ. ನನ್ನನ್ನು ಗಣೇಶ ಅಂತ ನೆನಪಿಟ್ಟುಕೊಂಡರೆ ನನಗೆ ಇಷ್ಟ ಅಂತ ಮುಗಿಸುತ್ತಾರೆ.

ಹತ್ತು ಸಾವಿರಕ್ಕೂ ಜಾಸ್ತಿ ಪುಟಗಳಲ್ಲಿ ರ್‍ಯಾಂಡ್ ಕಲ್ಲಾಗುವುದನ್ನು, ಆಮೇಲೆ ಆಗುವುದನ್ನು ಓದಿದ ಮೇಲೆ ಆ ಬರಹ ಓದಿ ನೋಡಿ. ಆ ಫೋಟೋದ ಹುಡುಗ ಸೈಗಾನ್‌ನಿಂದ ಎದ್ದು ಬಂದು ಕಥೆಯೊಳಗೆ ನಡೆದದ್ದು ನನಗಂತೂ ಕಾಣುತ್ತದೆ. ಜೋರ್ಡನ್ ಹಾಗೆ ಹೇಳಿಲ್ಲ. ಇದು ನಾನು ಓದಿಕೊಂಡದ್ದು.

ಫೋನಿನಲ್ಲಿ ಅವಳಿಗೆ ಇದನ್ನೆಲ್ಲ ಹೇಳಿದೆ. ರ್‍ಯಾಂಡ್‌ಗೆ ಮುಂದೇನಾಗುತ್ತದೆ ಅಂತ ಮಾತ್ರ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಬಾಗಿಲ ಹಿಂದೆ ಯಾರು ಅಂತ ಇನ್ನೂ ಗೂಗಲ್ ಮಾಡಿಲ್ಲವಂತೆ, ಕಾಲೇಜಿನಲ್ಲಿ ಒಬ್ಬಳು ಗೆಳತಿಗೆ ಮೊದಲ ಪುಸ್ತಕ ಕೊಟ್ಟಿದ್ದಾಳಂತೆ. ಏಳನೇದು ಎತ್ತಿಡು, ಗೌರಿ ಹಬ್ಬಕ್ಕೆ ಬಂದಾಗ ಒಯ್ತೀನಿ ಅಂದಳು.