ಚರ್ಚಿನಿಂದ ಪೂರ್ವಕ್ಕೆ 300 ಮೀಟರ್

ಕೋಸ್ಟರಿಕಾಕ್ಕೆ ಮೊದಲ ಸಲ ಹೊರಟವರಿಗೆ ಪ್ರವಾಸಿ ಕೈಪಿಡಿಗಳು ಜ್ವಾಲಾಮುಖಿ, ಮಳೆಕಾಡು, ಕಡಲತೀರಗಳ ಬಗ್ಗೆ ಧಾರಾಳವಾಗಿ ಬರೆಯುತ್ತವೆ. ಆದರೆ ವಿಮಾನದಿಂದ ಇಳಿದ ಮೇಲೆ ಗೊತ್ತುಮಾಡಿಕೊಂಡ ವಸತಿಗೃಹವನ್ನು ಹುಡುಕಿಕೊಂಡು ಹೋಗುವುದು ಹೇಗೆ ಎಂಬ ವಿಷಯದಲ್ಲಿ ಅವು ತುಟಿ ಬಿಚ್ಚುವುದಿಲ್ಲ. ಆ ದೇಶದಲ್ಲಿ ರಸ್ತೆಗಳಿಗೆ ಸಂಖ್ಯೆಗಳಿಲ್ಲವೆಂದಲ್ಲ. ರಾಜಧಾನಿ ಸಾನ್ ಹೊಸೆಯಲ್ಲಿ ಪೂರ್ವ-ಪಶ್ಚಿಮವಾಗಿ ಓಡುವ ಬೀದಿಗಳಿಗೆ ‘ಅವೆನಿದಾ’ ಎಂದೂ ಉತ್ತರ-ದಕ್ಷಿಣವಾಗಿ ಓಡುವವಕ್ಕೆ ‘ಕಾಯೆ’ ಎಂದೂ ಹೆಸರಿದ್ದು, ಸಮ ಸಂಖ್ಯೆಗಳು ಒಂದು ಕಡೆ, ಬೆಸ ಸಂಖ್ಯೆಗಳು ಇನ್ನೊಂದು ಕಡೆ ಎಂಬ ಅಚ್ಚುಕಟ್ಟಾದ ವ್ಯವಸ್ಥೆಯೂ ಇದೆ. ಒಂದೇ ತೊಡಕೆಂದರೆ, ಅಲ್ಲಿಯ ಜನ ಅದನ್ನು ಬಳಸುವುದಿಲ್ಲ. ವಿಳಾಸ ಕೇಳಿದರೆ ‘ಚರ್ಚಿನಿಂದ ಉತ್ತರಕ್ಕೆ 200 ಮೀಟರ್, ಅಲ್ಲಿಂದ ಪೂರ್ವಕ್ಕೆ 50 ಮೀಟರ್, ಹಸಿರು ಗೇಟು’ ಎನ್ನುತ್ತಾರೆ. ಈ ಮೀಟರುಗಳನ್ನು ಟೇಪು ಹಿಡಿದು ಅಳೆಯಲು ಹೋಗಬಾರದು. 100 ಮೀಟರ್ ಎಂದರೆ ಒಂದು ಅಡ್ಡರಸ್ತೆಯಿಂದ ಮುಂದಿನ ಅಡ್ಡರಸ್ತೆಯವರೆಗೆ, ಅದರ ನಿಜವಾದ ಉದ್ದ 80 ಇರಲಿ, 130 ಇರಲಿ.

ಇನ್ನೂ ಸೊಗಸಾದ ಸಂಗತಿಯೆಂದರೆ, ಗುರುತಿಗೆ ಹೇಳುವ ವಸ್ತು ಸ್ಥಳದಲ್ಲಿ ಇರಲೇಬೇಕೆಂಬ ನಿಯಮವಿಲ್ಲ. ಸಾನ್ ಪೆದ್ರೊ ಎಂಬಲ್ಲಿ ಎಂದೋ ಇಲ್ಲವಾದ ಒಂದು ಅತ್ತಿಯ ಜಾತಿಯ ಮರದಿಂದ ಜನ ಇಂದಿಗೂ ದೂರವನ್ನು ಲೆಕ್ಕ ಹಾಕುತ್ತಾರೆ. ರಾಜಧಾನಿಯ ಒಂದು ಬಸ್ ನಿಲ್ದಾಣಕ್ಕೆ ‘ಕೋಕಾ-ಕೋಲಾ’ ಎಂದೇ ಹೆಸರು, ಏಕೆಂದರೆ ಒಂದು ಕಾಲದಲ್ಲಿ ಆ ಜಾಗದಲ್ಲಿ ಆ ಪಾನೀಯವನ್ನು ಬಾಟಲಿಗೆ ತುಂಬುವ ಕಾರ್ಖಾನೆ ಇತ್ತು. ಇದನ್ನು ಕೇಳಿ ನಗುವ ಬೆಂಗಳೂರಿಗರು, ಕೆಡವಿ ಹಾಕಿದ ಟಾಕೀಸಿನ ಹೆಸರಿನಲ್ಲಿ ತಾವು ದಿನವೂ ‘ಮೆಜೆಸ್ಟಿಕ್, ಮೆಜೆಸ್ಟಿಕ್’ ಎಂದು ಕೂಗುವ ಬಸ್ಸನ್ನು ಹತ್ತುತ್ತಿರುವುದನ್ನು ನೆನೆದುಕೊಳ್ಳಬೇಕಾಗಿ ವಿನಂತಿ.

ನಮ್ಮ ತಂಡದಲ್ಲಿ ಹ್ಯೂಸ್ಟನ್ನಿನ ಅಕ್ಕ, ಭಾವ, ತೀರ್ಥಹಳ್ಳಿಯ ಕಡೆಯಿಂದ ಮಗನ ಮನೆಗೆ ಬಂದಿದ್ದ ಅಕ್ಕನ ಅತ್ತೆ ಮತ್ತು ನಾನು ಇದ್ದೆವು. ದಾರಿಯ ಉಸ್ತುವಾರಿಯನ್ನು ಭಾವ ವಹಿಸಿಕೊಂಡಿದ್ದರು. ಅಲ್ಲಿಯ ಚರ್ಚುಗಳ ಮುಂಬಾಗಿಲು ಪಶ್ಚಿಮಕ್ಕೆ ಇರುತ್ತದೆ, ಆದ್ದರಿಂದ ಚರ್ಚೊಂದು ಕಂಡರೆ ದಿಕ್ಕುಗಳೆಲ್ಲ ಕೈಗೆ ಸಿಕ್ಕಂತೆಯೇ ಎಂದು ಅವರು ಎಲ್ಲಿಯೋ ಓದಿ ಮನದಟ್ಟು ಮಾಡಿಕೊಂಡಿದ್ದರು. ರಾಜಧಾನಿಯ ಮಹಾ ಚರ್ಚಿನ ಮಟ್ಟಿಗೆ ಈ ಸೂತ್ರ ನಿಜವೂ ಆಗಿತ್ತು. ಆರೆನಾಲ್ ಜ್ವಾಲಾಮುಖಿಯ ಬುಡದಲ್ಲಿರುವ ಲಾ ಫೋರ್ಟುನಾ ಎಂಬ ಊರಿನಲ್ಲಿ ಮಾತ್ರ ಅದು ಕೈಕೊಟ್ಟಿತು. ನಮ್ಮ ವಸತಿಗೃಹ ‘ಚರ್ಚಿನಿಂದ ಪೂರ್ವಕ್ಕೆ 300 ಮೀಟರ್’ ಇತ್ತು. ಬಾಗಿಲು ಪಶ್ಚಿಮವಾದ ಮೇಲೆ ಹಿತ್ತಿಲು ಪೂರ್ವವಲ್ಲದೆ ಇನ್ನೇನು ಎಂದು ಭಾವ ನಮ್ಮನ್ನೂ ನಮ್ಮ ಸೂಟ್‌ಕೇಸುಗಳನ್ನೂ ಚರ್ಚಿನ ಹಿಂಬದಿಗೆ ಎಳೆದುಕೊಂಡು ನಡೆದರು. ಅವರಿಗೆ ಗೊತ್ತಿಲ್ಲದಿದ್ದ ಸಂಗತಿಯೆಂದರೆ, ಆ ಊರಿನ ಚರ್ಚು ಬೆಟ್ಟವನ್ನು ಬೆನ್ನಿಗಿಟ್ಟುಕೊಂಡು ಪೂರ್ವಕ್ಕೆ ಮುಖ ಮಾಡಿ ನಿಂತಿದೆ. ಮೂರು ಅಡ್ಡರಸ್ತೆ ಕಳೆದರೂ ಹಸಿರು ಗೇಟು ಸಿಗದೆ, ಬಹುಶಃ ಬಣ್ಣ ಬದಲಿಸಿರಬೇಕು ಎಂದು ಅವರು ಊಹಿಸುತ್ತಿದ್ದಾಗ, ಅಷ್ಟು ಹೊತ್ತು ಸುಮ್ಮನಿದ್ದ ಅತ್ತೆಯವರು ಹಣೆಗೆ ಕೈ ಅಡ್ಡ ಹಿಡಿದು, “ಹೊತ್ತು ಮುಳುಗ್ತಾ ಇರೋದು ನಮ್ಮ ಎದುರಿಗೇ ಅಲ್ವೇನೋ ಮಾರಾಯ, ಮೂಡಕ್ಕೆ ಹೋಗ್ತಾ ಇದ್ದೀವಿ ಅಂತ ಯಾರು ಹೇಳಿದ್ದು ನಿನಗೆ?” ಎಂದು ಕೇಳಿದರು. ಭಾವ ಫೋನಿನಲ್ಲಿ ಸಿಗ್ನಲ್ ಹುಡುಕುವ ನೆಪದಲ್ಲಿ ಬೇರೆ ಕಡೆ ತಿರುಗಿಕೊಂಡರು. ಬಡಗು ಜಗಲಿ, ತೆಂಕು ಬಾಗಿಲು ಎಂದೇ ಮನೆಯೊಳಗಿನ ದಾರಿಯನ್ನೂ ಹೇಳುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರನ್ನು ತಪ್ಪದೆ ಕರೆದುಕೊಂಡು ಹೋಗಿ. ಇಲ್ಲದವರು ಕಡೆಯ ಪಕ್ಷ ದಿಕ್ಸೂಚಿಯನ್ನಾದರೂ ಒಯ್ಯಬೇಕು, ಸ್ಥಳೀಯರಂತೆ ‘ವೇಜ್’ ಎಂಬ ದಾರಿತೋರುಕವನ್ನು ಫೋನಿಗೆ ಹಾಕಿಕೊಳ್ಳಬೇಕು.

ಕಾಗದಪತ್ರಗಳ ವಿಷಯ ಚಿಕ್ಕದು. ದೇಶ ಬಿಟ್ಟು ಹೊರಡುವ ಟಿಕೆಟ್ಟನ್ನು ಅವರು ಕೇಳುತ್ತಾರೆ, ಆದ್ದರಿಂದ ಅದನ್ನು ಮುದ್ರಿಸಿಯೇ ಇಟ್ಟುಕೊಳ್ಳಿ. ವೀಸಾ ನಿಯಮಗಳು ಬದಲಾಗುತ್ತಿರುತ್ತವೆ, ದೆಹಲಿಯ ರಾಯಭಾರ ಕಚೇರಿಯ ಇತ್ತೀಚಿನ ಪ್ರಕಟಣೆಯನ್ನು ನೋಡಿಯೇ ಹೊರಡಿ.

ಸ್ನಾನದ ವಿಷಯ ಅಷ್ಟು ಚಿಕ್ಕದಲ್ಲ. ಕಡಿಮೆ ಬಾಡಿಗೆಯ ಅನೇಕ ಕಡೆ ಗೀಸರ್ ಇರುವುದಿಲ್ಲ, ಷವರಿನ ತಲೆಯೊಳಗೇ ವಿದ್ಯುತ್ತಿನಿಂದ ನೀರು ಕಾಯುತ್ತದೆ. ನೆತ್ತಿಯ ಮೇಲೆ ವೈರು ತೂಗುವುದನ್ನು ಕಂಡ ಅಕ್ಕ ಎರಡು ದಿನ ಬಕೆಟ್ಟಿಗಾಗಿ ಊರೆಲ್ಲ ವಿಚಾರಿಸಿದಳು. ಧೈರ್ಯ ಮಾಡಿದ ಭಾವ, ನೀರು ತಣ್ಣಗಿದೆಯೆಂದು ನಲ್ಲಿಯನ್ನು ತಿರುಗಿಸಿದಷ್ಟೂ ಅದು ಇನ್ನಷ್ಟು ತಣ್ಣಗಾಗುವುದೇಕೆಂದು ಒಳಗಿನಿಂದಲೇ ಕೂಗಿ ಕೇಳಿದರು. ನೀರು ಸಣ್ಣಗೆ ಬಂದರೆ ಅದೇ ವಿದ್ಯುತ್ತು ಕಡಿಮೆ ನೀರನ್ನು ಕಾಯಿಸಬೇಕಾಗುವುದರಿಂದ ಬಿಸಿ ಹೆಚ್ಚುತ್ತದೆ, ಆದ್ದರಿಂದ ನಲ್ಲಿಯನ್ನು ಅರ್ಧಕ್ಕೆ ಇಳಿಸಬೇಕು ಎಂಬುದು ಅವರಿಗೆ ತಿಳಿಯುವ ಹೊತ್ತಿಗೆ ಸೀನು ಶುರುವಾಗಿತ್ತು. ಒದ್ದೆ ಕೈಯಲ್ಲಿ ಮೇಲಿನ ಗುಂಡಿಯನ್ನು ಮುಟ್ಟಬೇಡಿ ಎಂದು ಬೇರೆ ಹೇಳಬೇಕಾಗಿಲ್ಲ. ಶೌಚಾಲಯದ ಕಾಗದವನ್ನು ಕಮೋಡಿಗೆ ಹಾಕದೆ ಪಕ್ಕದ ಬುಟ್ಟಿಗೆ ಹಾಕಬೇಕೆಂಬ ಫಲಕವನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಅಲ್ಲಿಯ ಕೊಳವೆಗಳು ಸಣ್ಣವು.

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಬೆಳಗಿನ ತಿಂಡಿಗೆ ಅನ್ನ ಮತ್ತು ಕಪ್ಪು ಕಾಳನ್ನು ಹುರಿದು ಕಲೆಸಿದ ‘ಗಾಯೊ ಪಿಂಟೊ’, ಮಧ್ಯಾಹ್ನದ ‘ಕಸಾದೊ’ ಎಂಬ ಊಟದಲ್ಲಿ ಅದೇ ಅನ್ನ ಮತ್ತು ಅದೇ ಕಾಳು ಬೇರೆ ಬೇರೆಯಾಗಿ, ಜೊತೆಗೆ ಹುರಿದ ಬಾಳೆಹಣ್ಣು ಮತ್ತು ಎಲೆಕೋಸಿನ ಕೋಸಂಬರಿಯಂಥದು. ಆದರೆ ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ತಟ್ಟೆಯಲ್ಲಿ ಕೋಳಿ ಬಂದು ಕೂರುವ ಸಂಭವವಿದೆ, ಏಕೆಂದರೆ ಅವರ ಮಾತಿನಲ್ಲಿ ಮಾಂಸವೆಂದರೆ ಹೆಚ್ಚಾಗಿ ದನದ್ದು. ಕೋಳಿ, ಹಂದಿ, ಮೀನು ಎಲ್ಲವನ್ನೂ ಹೆಸರು ಹಿಡಿದು ನಿರಾಕರಿಸಬೇಕು, ಕಾಳನ್ನು ಹಂದಿಯ ಕೊಬ್ಬಿನಲ್ಲಿ ಒಗ್ಗರಿಸಿಲ್ಲವಷ್ಟೆ ಎಂದೂ ಕೇಳಬೇಕು. ಅಡುಗೆ ಸಪ್ಪೆ. ಚಟ್ನಿಪುಡಿಯ ಡಬ್ಬ ಜೊತೆಗಿರಲಿ. ಪಟ್ಟಿಯಲ್ಲಿನ ಬೆಲೆಗೆ ಶೇಕಡಾ 13 ತೆರಿಗೆ ಮತ್ತು ಶೇಕಡಾ 10 ಸೇವಾ ಶುಲ್ಕ ಸೇರಿದೆಯೇ ಎಂದು ನೋಡಿಕೊಳ್ಳಿ. ಸೇರಿದ್ದರೆ ಮತ್ತೆ ಭಕ್ಷೀಸು ಕೊಡುವ ಹಂಗಿಲ್ಲ.

ಒಂದು ಡಾಲರಿಗೆ ಸುಮಾರು 500ರ ಆಸುಪಾಸಿನಲ್ಲಿ ಸಿಗುವ ಕೊಲೋನ್ ನೋಟುಗಳು ನೋಡಲು ಬಲು ಚಂದ. 5,000ದ ನೋಟಿನ ಮೇಲೆ ಬಿಳಿಮುಖದ ಮಂಗ, 10,000ದ್ದರ ಮೇಲೆ ಮರದಲ್ಲಿ ತೂಗುವ ಸ್ಲಾತ್. ಆ ಪ್ರಾಣಿಗಳನ್ನು ಜೀವಂತವಾಗಿ ನೋಡಬೇಕಾದರೆ ಆ ನೋಟುಗಳನ್ನೇ ಬಿಚ್ಚಬೇಕು. ಮಾನ್ವೆಲ್ ಆಂತೋನಿಯೊ ರಾಷ್ಟ್ರೀಯ ಉದ್ಯಾನಕ್ಕೆ ಟಿಕೆಟ್ಟನ್ನು ಮೊದಲೇ ಆನ್‌ಲೈನಿನಲ್ಲಿ ಕೊಳ್ಳಬೇಕು, ವಾರಕ್ಕೊಂದು ದಿನ ಅದಕ್ಕೆ ರಜೆ, ಒಳಗೆ ತಿಂಡಿ ಒಯ್ಯುವಂತಿಲ್ಲ. ಆ ನಿಷೇಧದ ಕಾರಣ ನಮಗೆ ಅರ್ಥವಾದದ್ದು ಹೊರಗಿನ ಕಡಲತೀರದಲ್ಲಿ. ಚಾಮುಂಡಿ ಬೆಟ್ಟದ ಮಂಗಗಳನ್ನು ಪಳಗಿಸಿದ ಅನುಭವವಿದೆ ಎನ್ನುತ್ತಿದ್ದ ಅಕ್ಕ, ಮರದಿಂದ ಇಳಿದ ಬಿಳಿಮುಖದ ಮಂಗವೊಂದನ್ನು ಕೊಡೆ ಹಿಡಿದು ನೆಟ್ಟ ನೋಟದಿಂದ ತಡೆದು ನಿಲ್ಲಿಸಿದಳು. ಮಂಗವೂ ಕದಲಲಿಲ್ಲ, ಅವಳೂ ಕದಲಲಿಲ್ಲ, ನಾವೆಲ್ಲ ಆ ದ್ವಂದ್ವವನ್ನು ಫೋನಿನಲ್ಲಿ ಹಿಡಿಯುವುದರಲ್ಲಿ ಮಗ್ನರಾಗಿದ್ದೆವು. ಅಷ್ಟರಲ್ಲಿ ಕಣ್ಣಿಗೆ ಕಪ್ಪುಪಟ್ಟಿ ಕಟ್ಟಿಕೊಂಡಂತೆ ಕಾಣುವ ರಕೂನ್ ಎಂಬ ಪ್ರಾಣಿ ಹಿಂದಿನಿಂದ ಬಂದು, ಚೀಲದ ಜಿಪ್ಪನ್ನು ಮನುಷ್ಯರಂತೆಯೇ ಎಳೆದು, ಕೋಡುಬಳೆಯ ಪೊಟ್ಟಣವನ್ನು ಆರಿಸಿಕೊಂಡು ಪೊದೆಯೊಳಗೆ ನಡೆಯಿತು. ಓಡಲೂ ಇಲ್ಲ. ಚೀಲದಲ್ಲಿದ್ದ ಸೇಬನ್ನು ಅದು ಮುಟ್ಟದೆ ಬಿಟ್ಟದ್ದನ್ನು ಅತ್ತೆಯವರು ತಮ್ಮ ಕೋಡುಬಳೆಗೆ ಸಿಕ್ಕ ಮನ್ನಣೆಯೆಂದೇ ಪರಿಗಣಿಸಿದ್ದಾರೆ.

ಸ್ಲಾತ್ ನೋಡುವುದಕ್ಕೆ ದುರ್ಬೀನು ಇಟ್ಟುಕೊಂಡ ಮಾರ್ಗದರ್ಶಿ ಬೇಕೇ ಬೇಕು. ಹಣ ಉಳಿಸಲು ಹೋದ ಭಾವ ನಾನಾ ಕೋನಗಳಿಂದ ತೆಗೆದ ಛಾಯಾಚಿತ್ರಗಳಲ್ಲಿರುವುದು ಮರದ ಮೇಲಿನ ಗೆದ್ದಲು ಗೂಡು. ಜ್ವಾಲಾಮುಖಿಯ ನೋಟವಿರುವ ಕೋಣೆಗೆ ಹೆಚ್ಚು ಬಾಡಿಗೆ ಕೊಡುವ ಮುನ್ನವೂ ಒಮ್ಮೆ ಯೋಚಿಸಬೇಕು. ಗೋಡೆಯ ಚಿತ್ರಗಳಲ್ಲಿ ಕೆಂಪಗೆ ಹರಿಯುವ ಆರೆನಾಲ್, 1968ರಲ್ಲಿ ಸಿಡಿದು ದಶಕಗಳ ಕಾಲ ಕೆಂಡ ಕಾರಿದ್ದು ನಿಜವಾದರೂ, 2010ರಿಂದ ತಣ್ಣಗೆ ಕುಳಿತಿದೆ, ಅದೂ ಬಹುಪಾಲು ಮೋಡದ ಹಿಂದೆ. ಮಳೆಗಾಲ ಮೇ ತಿಂಗಳಿಂದ ನವೆಂಬರಿನವರೆಗೆ, ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಆದ್ದರಿಂದ ನೋಡುವುದನ್ನೆಲ್ಲ ಬೆಳಿಗ್ಗೆಯೇ ನೋಡಿ ಮುಗಿಸಬೇಕು. ಸಂಜೆ ಆರರ ಹೊತ್ತಿಗೆ ಕತ್ತಲಾಗುತ್ತದೆ, ಆಮೇಲೆ ಗುಡ್ಡದ ರಸ್ತೆಗಳಲ್ಲಿ ಕಾರು ಓಡಿಸದಿರುವುದು ಕ್ಷೇಮ. ತಾರ್ಕೊಲೆಸ್ ನದಿಯ ಸೇತುವೆಯ ಕೆಳಗೆ ಮಲಗಿರುವ ಮೊಸಳೆಗಳನ್ನು ನೋಡಲು ಇಳಿಯುವವರು ಕಾರಿನೊಳಗೆ ಪಾಸ್‌ಪೋರ್ಟು ಬಿಡಬಾರದು. ಅಲ್ಲಿ ಅಪಾಯ ನದಿಯಲ್ಲಿಲ್ಲ, ರಸ್ತೆಯ ಮೇಲಿದೆ.

ಮನೆಗೆ ತರಲು ಕಾಫಿಪುಡಿಗಿಂತ ಒಳ್ಳೆಯ ವಸ್ತುವಿಲ್ಲ, ವಿಮಾನ ನಿಲ್ದಾಣದ ಬದಲು ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡರೆ ಅಗ್ಗ. ಚಿಕೋರಿ ಬೆರೆಸಿರುವುದಿಲ್ಲ ಎಂಬ ಕೊರತೆಯನ್ನು ಅತ್ತೆಯವರು ಕೊನೆಯವರೆಗೂ ಕ್ಷಮಿಸಲಿಲ್ಲ. ಮರದ ಚೌಕಟ್ಟಿಗೆ ಬಟ್ಟೆಯ ಚೀಲ ತೂಗುಹಾಕಿ ಡಿಕಾಕ್ಷನ್ ಇಳಿಸುವ ‘ಚೊರ್ರೆಯಾದೊರ್’ ಎಂಬ ಸಾಧನವನ್ನು ಅಂಗಡಿಯವನು ಅಭಿಮಾನದಿಂದ ತೋರಿಸಿದಾಗ ಅವರು ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ಕೇಳಿಕೊಂಡು, “ನಮ್ಮ ಅಟ್ಟದ ಮೇಲೆ ಕಾಫಿ ಸೋಸೋ ಬಟ್ಟೆ ನಾಲ್ಕು ಬಿದ್ದಿವೆ, ಇವರಿಗೇ ಮಾರೋಣ್ವಾ?” ಎಂದರು. ಭಾವ ಅಷ್ಟು ಹೊತ್ತಿಗೆ ಎರಡಕ್ಕೆ ಹಣ ಕೊಟ್ಟಾಗಿತ್ತು.